ಅರ್ಧಕ್ಕೆ ನಿಂತ ಮರದ ಗೊಂಬೆಮನೆಯನ್ನು ಮುಗಿಸುವ ಬಗೆ

ಅಮೆರಿಕದ ಹಳೆಯ ಸಾಮಾನು ಮಾರುವ ಗರಾಜ್ ಸೇಲ್‌ಗಳಲ್ಲಿ, ಥ್ರಿಫ್ಟ್ ಅಂಗಡಿಗಳಲ್ಲಿ ಇಂಥ ಮನೆ ಆಗಾಗ ಕಣ್ಣಿಗೆ ಬೀಳುತ್ತದೆ: ಗೋಡೆಗಳು ಎದ್ದಿವೆ, ಒಂದು ಮಹಡಿ ಕೂತಿದೆ, ಛಾವಣಿ ಇಲ್ಲ. ಪಕ್ಕದ ರಟ್ಟಿನ ಪೆಟ್ಟಿಗೆಯಲ್ಲಿ ಇನ್ನೂ ಬಿಡಿಸದ ಪ್ಲೈವುಡ್ ಹಾಳೆಗಳು, ಒಂದು ಚೀಲ ಮರದ ಹಂಚು, ಮುಖಪುಟ ಹೋದ ಸೂಚನಾ ಪುಸ್ತಕ. ಯಾರೋ ಆಸೆಯಿಂದ ಶುರು ಮಾಡಿ ಮೂರನೇ ವಾರಕ್ಕೆ ಕೈಚೆಲ್ಲಿರುತ್ತಾರೆ. ಹೊಸ ಕಿಟ್‌ಗಿಂತ ಬಹಳ ಅಗ್ಗಕ್ಕೆ ಸಿಗುವ ಈ ಮನೆಗಳನ್ನು ಚೆನ್ನಾಗಿ ಮುಗಿಸಬಹುದು. ಆದರೆ ಅವರು ಎಲ್ಲಿ ನಿಲ್ಲಿಸಿದರೋ ಅಲ್ಲಿಂದಲೇ ನೀವು ಮುಂದುವರಿಸಿದರೆ ಕೆಡುತ್ತದೆ. ಮೊದಲು ಎರಡು ಹೆಜ್ಜೆ ಹಿಂದೆ ಹೋಗಬೇಕು. ಅಂಟು ಹಿಡಿದಿದೆಯೇ, ಮೂಲೆಗಳು ಕೂಡಿವೆಯೇ, ಒಳಗಿನ ಕೆಲಸ ಮುಗಿಯುವ ಮೊದಲೇ ಯಾವ ಕೋಣೆಯನ್ನು ಮುಚ್ಚಿಬಿಟ್ಟಿದ್ದಾರೆ ಎಂಬುದನ್ನು ನೋಡಿ, ಬೇಕಾದಷ್ಟು ಕಳಚಿ, ಆಮೇಲೆ ಕಟ್ಟಬೇಕು. ಕಳಚುವುದಕ್ಕೆ ಮನಸ್ಸು ಒಪ್ಪುವುದಿಲ್ಲ, ನಿಜ. ಒಪ್ಪಿಸಿಕೊಳ್ಳಿ.

ಇಲ್ಲಿ ಹೇಳುವುದೆಲ್ಲ 1:12 ಅಳತೆಯ ಮನೆಗೆ, ಅಂದರೆ ನಿಜಮನೆಯ 1 ಅಡಿ ಇಲ್ಲಿ 1 ಅಂಗುಲ. ವಾಸ್ತುಶಿಲ್ಪಿ ಎಡ್ವಿನ್ ಲುಟ್ಯೆನ್ಸ್ ವಿನ್ಯಾಸದಲ್ಲಿ 1924ರಲ್ಲಿ ಮುಗಿದ, ಈಗ ಇಂಗ್ಲೆಂಡಿನ ವಿಂಡ್ಸರ್ ಕೋಟೆಯಲ್ಲಿರುವ ರಾಣಿ ಮೇರಿಯ ಗೊಂಬೆಮನೆಯದ್ದೂ ಇದೇ ಅಳತೆ. ನಿಮ್ಮ ಕೈಗೆ ಬಂದದ್ದು ಯಾವ ಅಳತೆಯದೆಂದು ತಿಳಿಯದಿದ್ದರೆ ಮುಂಬಾಗಿಲಿನ ಎತ್ತರ ಅಳೆಯಿರಿ. 16.5ರಿಂದ 18 ಸೆಂ.ಮೀ. ಇದ್ದರೆ 1:12, ಅದರ ಅರ್ಧ ಇದ್ದರೆ 1:24. ಬಾರ್ಬಿಯಂಥ ಗೊಂಬೆಗಳ ಮನೆಯಾದರೆ ಬಾಗಿಲು 30 ಸೆಂ.ಮೀ.ಗೂ ಎತ್ತರವಿರುತ್ತದೆ, ಅದಕ್ಕೆ 1:12ರ ಪೀಠೋಪಕರಣ, ಕಿಟಕಿ ಯಾವುದೂ ಹೊಂದುವುದಿಲ್ಲ.

ಯಾವ ಬಗೆಯ ಕಿಟ್?

ಸಾಮಾನ್ಯವಾಗಿ ಸಿಗುವುದು ಎರಡು ಬಗೆ. ಮೊದಲನೆಯದು ಗ್ರೀನ್‌ಲೀಫ್ ಕಂಪನಿಯ ಮಾದರಿಯದು: 1/8 ಅಂಗುಲ, ಅಂದರೆ ಸುಮಾರು 3 ಮಿ.ಮೀ. ಪ್ಲೈವುಡ್ ಹಾಳೆಗಳಲ್ಲಿ ಅಚ್ಚಿನಿಂದ ಒತ್ತಿ ಕತ್ತರಿಸಿದ ತುಂಡುಗಳು. ಒಂದು ತುಂಡಿನ ನಾಲಿಗೆ ಇನ್ನೊಂದರ ಸೀಳಿನೊಳಗೆ ಕೂರುತ್ತದೆ. ಎರಡನೆಯದು ರಿಯಲ್ ಗುಡ್ ಟಾಯ್ಸ್ ಕಂಪನಿಯ ಮಾದರಿಯದು: 3/8 ಅಂಗುಲ, ಸುಮಾರು 9.5 ಮಿ.ಮೀ. ದಪ್ಪದ ಪ್ಲೈವುಡ್ ಅಥವಾ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆಗಳು, ಒಂದರಲ್ಲಿ ಕೊರೆದ ತೋಡಿನೊಳಗೆ ಇನ್ನೊಂದು ಕೂರುತ್ತದೆ. ದಪ್ಪ ಹಲಗೆಯದು ಭಾರ, ಆದರೆ ಸೊಟ್ಟಗಾಗುವುದು ಕಡಿಮೆ. ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ತೆಳು ಪ್ಲೈವುಡ್‌ನದೇ, ಏಕೆಂದರೆ ತುಂಡುಗಳ ಸಂಖ್ಯೆ ನೂರಾರು. ಈ ಬರಹ ಮುಖ್ಯವಾಗಿ ಅದಕ್ಕೆ.

ಮನೆಯ ಹೆಸರು ಪೆಟ್ಟಿಗೆಯ ಮೇಲೋ ಸೂಚನಾ ಹಾಳೆಯ ತಲೆಯಲ್ಲೋ ಇರುತ್ತದೆ. ಎರಡೂ ಇಲ್ಲವೆಂದರೆ ಛಾವಣಿಯ ಆಕಾರ, ಗೋಪುರ, ಮುಂದಕ್ಕೆ ಚಾಚಿದ ಕಿಟಕಿಗಳ ಸಂಖ್ಯೆ ನೋಡಿ ಚಿತ್ರಗಳೊಡನೆ ಹೋಲಿಸಿ. ಈಗಲೂ ನಡೆಯುತ್ತಿರುವ ಕಂಪನಿಯ ಮನೆಯಾದರೆ ಜೋಡಣೆಯ ಸೂಚನೆ ಅವರಿಂದಲೇ ಸಿಗುವ ಸಾಧ್ಯತೆ ಹೆಚ್ಚು. ಡ್ಯೂರಾ-ಕ್ರಾಫ್ಟ್‌ನಂತೆ ಮುಚ್ಚಿಹೋದ ಕಂಪನಿಯದಾದರೆ ಹಳೆಯ ಪುಸ್ತಕದ ಪ್ರತಿ ಹುಡುಕಬೇಕು. ಅತಿ ಮುಖ್ಯವಾದ ಪುಟ ಯಾವುದೆಂದರೆ ಹಾಳೆಗಳ ನಕ್ಷೆ. ಯಾವ ಹಾಳೆಯಲ್ಲಿ ಯಾವ ತುಂಡು ಎಲ್ಲಿದೆ ಎಂದು ತೋರಿಸುವುದು ಅದೊಂದೇ. ತುಂಡುಗಳ ಮೇಲೆ ಹೆಸರು ಅಚ್ಚಾಗಿರುವುದಿಲ್ಲ. ಹಾಳೆಯಿಂದ ಒಮ್ಮೆ ಬಿಡಿಸಿದರೆ ಅದು ಗೋಡೆಯೋ ಮೆಟ್ಟಿಲ ಪಕ್ಕವೋ ಎಂದು ಗೊತ್ತಾಗದು.

ಲೆಕ್ಕ ಹಾಕುವ ದಿನ

ಒಂದು ಇಡೀ ಸಂಜೆ ಇದಕ್ಕೇ ಕೊಡಿ. ಅಂಟಿನ ಬಾಟಲಿ ತೆರೆಯಲೇಬೇಡಿ. ನಕ್ಷೆಯ ಎರಡು ಪ್ರತಿ ಮಾಡಿಸಿ. ಒಂದರಲ್ಲಿ ಮನೆಗೆ ಈಗಾಗಲೇ ಸೇರಿದ ತುಂಡುಗಳಿಗೆ ಹಸಿರು ಗುರುತು, ಪೆಟ್ಟಿಗೆಯಲ್ಲಿರುವುದಕ್ಕೆ ನೀಲಿ. ಗುರುತು ಬೀಳದೆ ಉಳಿದದ್ದು ಕಾಣೆಯಾದದ್ದು. ಇನ್ನೊಂದು ಪ್ರತಿ ಕೆಲಸದ ಮೇಜಿಗೆ. ಬಿಡಿತುಂಡುಗಳ ಹಿಂದೆ ಪೆನ್ಸಿಲ್‌ನಿಂದ ಹೆಸರು ಬರೆಯಿರಿ. ಪೆನ್ ಬೇಡ, ಪ್ರೈಮರ್ ಬಳಿದರೂ ಶಾಯಿ ಮೇಲಕ್ಕೆ ಇಣುಕುತ್ತದೆ.

ಕಾಣೆಯಾಗುವುದು ಯಾವಾಗಲೂ ಸಣ್ಣವೇ: ಕಿಟಕಿಯ ಒಳಪಟ್ಟಿ, ಮೆಟ್ಟಿಲ ಹಲಗೆ, ಜಗಲಿಯ ಕಟಾಂಜನದ ಕಡ್ಡಿ, ಸೂರಿನ ಅಂಚಿನ ಚಿತ್ತಾರ. ಇವಕ್ಕಾಗಿ ಇನ್ನೊಂದು ಕಿಟ್ ಹುಡುಕುವುದು ವ್ಯರ್ಥ. ಈ ಮನೆಗಳಲ್ಲಿ ಒಂದೇ ಬಗೆಯ ತುಂಡು ಹತ್ತಾರು ಇರುತ್ತವೆ. ಉಳಿದಿರುವ ಒಂದನ್ನು 3 ಮಿ.ಮೀ. ಬರ್ಚ್ ಪ್ಲೈವುಡ್ ಮೇಲಿಟ್ಟು ಗೀಟೆಳೆದು ಕತ್ತರಿಸಿದರಾಯಿತು. ಎಡಗಡೆಯ ತುಂಡು ಕಾಣೆಯಾಗಿದ್ದರೆ ಬಲಗಡೆಯದನ್ನು ಮಗುಚಿ ಅಚ್ಚಾಗಿಸಿಕೊಳ್ಳಿ. ನೇರ ಗೆರೆಗೆ ಕಟ್ಟರ್ ಸಾಕು. ಉಕ್ಕಿನ ಸ್ಕೇಲ್ ಒತ್ತಿಹಿಡಿದು, ಒಂದೇ ಗೆರೆಯ ಮೇಲೆ ಹಗುರವಾಗಿ ಎಂಟು–ಹತ್ತು ಸಲ ಎಳೆಯಬೇಕು, ಕೊನೆಯ ಪದರಕ್ಕೆ ಹಿಂಬದಿಯಿಂದ. ಒಂದೇ ಏಟಿಗೆ ಒತ್ತಿದರೆ ಬ್ಲೇಡು ಎಳೆಯ ದಾರಿ ಹಿಡಿದು ಪಕ್ಕಕ್ಕೆ ಜಾರುತ್ತದೆ. ಬಾಗಿದ ಗೆರೆಗಳಿಗೆ ತೆಳು ಬ್ಲೇಡಿನ ಫ್ರೆಟ್ ಗರಗಸ ಬೇಕು.

ಕಡೆದ ಕಂಬಗಳು ಹೋಗಿದ್ದರೆ ಅಂಗಡಿಯಲ್ಲಿ ಸಿಗುವ 1:12 ಅಳತೆಯ ಕಂಬಗಳನ್ನೇ ಕೊಳ್ಳುವುದು ಸುಲಭ. ಮನೆಯನ್ನು ಊರಿಗೆ ತಂದಿದ್ದೀರಾದರೆ ಚನ್ನಪಟ್ಟಣದಲ್ಲಿ ಮಾಡಿಸಿಕೊಳ್ಳಬಹುದು. ಅಲ್ಲಿನ ಆಟಿಕೆಗಳಿಗೆ ಬಳಸುವ ಹಾಲೆ ಮರದ ಎಳೆ ನಯ, ಇಂಥ ಸಣ್ಣ ಕಂಬಗಳಿಗೆ ಹೇಳಿಮಾಡಿಸಿದಂತಿದೆ. ಆದರೆ ಅರಗು ಹಾಕಿಸಬೇಡಿ. ಅರಗಿನ ನುಣುಪಿನ ಮೇಲೆ ಬಣ್ಣವೂ ನಿಲ್ಲದು, ಅಂಟೂ ನಿಲ್ಲದು.

ಕೀಲುಗಳ ಪರೀಕ್ಷೆ

ಮೊದಲು ಅಂಟು ನೋಡಿ. ಹಾಲುಬಿಳುಪಿನ, ಮೇಣದಂಥ, ಉಗುರಿಗೆ ಸಿಗುವ ಉಂಡೆಗಳಿದ್ದರೆ ಅದು ಹಾಟ್ ಗ್ಲೂ, ಅಂದರೆ ಗನ್ನಿನಲ್ಲಿ ಬಿಸಿಮಾಡಿ ಹಾಕುವ ಅಂಟು. ಅರ್ಧಕ್ಕೆ ನಿಂತ ಮನೆಗಳ ಮಾಮೂಲಿ ರೋಗ ಇದೇ. ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲೋ ಅಟ್ಟದಲ್ಲೋ ಇಟ್ಟರೆ ಅದು ಮೆತ್ತಗಾಗುತ್ತದೆ, ಚಳಿಗೆ ಬಿರುಸಾಗಿ ಕಿತ್ತುಬರುತ್ತದೆ. ಜೊತೆಗೆ ಅದರ ದಪ್ಪವೇ ಒಂದು ಸಮಸ್ಯೆ: ಎರಡು ಹಲಗೆಗಳ ನಡುವೆ ಅರ್ಧ ಮಿ.ಮೀ. ಪದರ ಉಳಿದರೆ ಮುಂದಿನ ನಾಲಿಗೆ ತನ್ನ ಸೀಳಿಗೆ ತಲುಪುವುದಿಲ್ಲ. ಹಳದಿ ಅಥವಾ ಪಾರದರ್ಶಕ, ಗಟ್ಟಿ, ತೆಳು ಪದರವಿದ್ದರೆ ಅದು ಮರಗೆಲಸದ ಅಂಟು. ಅದನ್ನು ಸುಮ್ಮನೆ ಬಿಡಿ.

ಪ್ರತಿ ಕೀಲನ್ನೂ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಅಲುಗಿದ್ದಕ್ಕೆ ಮಾಸ್ಕಿಂಗ್ ಟೇಪಿನ ತುಂಡು ಅಂಟಿಸಿ ಗುರುತಿಡಿ. ಮೂರರಲ್ಲಿ ಒಂದು ಕೀಲು ಅಲುಗಿದರೆ ಎಲ್ಲವನ್ನೂ ಕಳಚುವುದೇ ಲೇಸು.

ಆಮೇಲೆ ಮೂಲೆ. ತಳದ ಹಲಗೆಯ ಎರಡು ಕರ್ಣಗಳನ್ನು ಅಳೆಯಿರಿ. ಪ್ರತಿ ಮಹಡಿಯಲ್ಲೂ ಅಳೆಯಿರಿ. ಎರಡಕ್ಕೂ ವ್ಯತ್ಯಾಸ 2 ಮಿ.ಮೀ. ಒಳಗಿದ್ದರೆ ಪರವಾಗಿಲ್ಲ. 3 ದಾಟಿದರೆ ಛಾವಣಿ ಕೂರುವಾಗ ಒಂದು ಬದಿ ತೆರೆದುಕೊಳ್ಳುತ್ತದೆ, ಆಗ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಗೋಡೆ ನೆಟ್ಟಗಿದೆಯೇ ಎಂದು ಮೂಲೆಮಟ್ಟ ಇಟ್ಟು ನೋಡಿ. ಕೊನೆಗೆ ಛಾವಣಿಯ ಹಲಗೆಗಳನ್ನು ಅಂಟಿಲ್ಲದೆ ಟೇಪಿನಿಂದ ನಿಲ್ಲಿಸಿ ನೋಡಿ. ಎಷ್ಟೋ ಮನೆಗಳು ನಿಂತುಹೋಗುವುದೇ ಇಲ್ಲಿ. ಛಾವಣಿ ಕೂರಲಿಲ್ಲ, ಏಕೆಂದು ತಿಳಿಯಲಿಲ್ಲ, ಬಿಟ್ಟರು. ಕಾರಣ ಮಾತ್ರ ಕೆಳಗಿನ ಮಹಡಿಯಲ್ಲಿರುತ್ತದೆ.

ಹಳೆಯ ಬಣ್ಣ ಬಳಿದ ಮನೆಯ ಬಗ್ಗೆ ಒಂದು ಎಚ್ಚರಿಕೆ. ಅಮೆರಿಕದಲ್ಲಿ ಸೀಸ ಬೆರೆತ ಮನೆಬಣ್ಣವನ್ನು ನಿಷೇಧಿಸಿದ್ದು 1978ರಲ್ಲಿ. ಅದಕ್ಕಿಂತ ಹಿಂದಿನದೆಂಬ ಅನುಮಾನವಿದ್ದರೆ ಒಣಗಿದ್ದಾಗ ಉಜ್ಜಲೇಬೇಡಿ. ನೀರಿನ ಸ್ಯಾಂಡ್ ಪೇಪರ್‌ನಿಂದ ಒದ್ದೆಯಾಗಿಯೇ ಉಜ್ಜಿ, ಸೀಸದ ಧೂಳು ತಡೆಯುವ ಎನ್100 ಮುಖಗವಸು ಹಾಕಿ, ಮಕ್ಕಳನ್ನು ದೂರವಿಡಿ.

ಕಳಚುವುದು

ಹಾಟ್ ಗ್ಲೂಗೆ ಔಷಧದಂಗಡಿಯ ಐಸೊಪ್ರೊಪೈಲ್ ಆಲ್ಕೊಹಾಲ್. ಶೇ. 90ರ ಮೇಲಿನದಾದರೆ ಉತ್ತಮ. ಹತ್ತಿಕಡ್ಡಿಯಲ್ಲಿ ಅದ್ದಿ ಅಂಟಿನ ಅಂಚಿಗೆ ತಾಗಿಸಿ, ಅರ್ಧ ನಿಮಿಷ ಬಿಡಿ. ಅಂಟು ಕರಗುವುದಿಲ್ಲ, ಮರದಿಂದ ತನ್ನ ಹಿಡಿತ ಬಿಡುತ್ತದೆ. ತೆಳು ಚಾಕು ತೂರಿಸಿದರೆ ಪಟ್ಟಿಯಾಗಿ ಎದ್ದುಬರುತ್ತದೆ. ಹತ್ತಿರ ಬೆಂಕಿ ಇರಕೂಡದು, ಕಿಟಕಿ ತೆರೆದಿರಲಿ.

ಬಿಳಿ ಅಂಟು, ಅಂದರೆ ನಮ್ಮ ಫೆವಿಕಾಲ್ ಜಾತಿಯದು, ಬಿಸಿ ವಿನೆಗರ್‌ಗೆ ಸೋಲುತ್ತದೆ. ಬಟ್ಟೆಯ ಚೂರನ್ನು ಅದ್ದಿ ಹಿಂಡಿ ಕೀಲಿನ ಮೇಲೆ ಹದಿನೈದು–ಇಪ್ಪತ್ತು ನಿಮಿಷ ಇಡಿ, ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ನಾಲಿಗೆ ಇರುವ ದಿಕ್ಕಿಗೇ ಎಳೆಯಿರಿ. ಪಕ್ಕಕ್ಕೆ ತಿರುಚಿದರೆ ನಾಲಿಗೆ ಮುರಿಯುತ್ತದೆ. ಪ್ಲೈವುಡ್ ನೆನೆಯುವಷ್ಟು ಸುರಿಯಬೇಡಿ; ಅಗ್ಗದ ಹಾಳೆಗಳ ಪದರವೇ ಬಿಚ್ಚಿಕೊಳ್ಳುತ್ತದೆ. ಹಳದಿ ಅಂಟು ನೀರುನಿರೋಧಕವಾಗಿದ್ದು ಜಗ್ಗದಿದ್ದರೆ ಆ ಕೀಲನ್ನು ಹಾಗೇ ಇಟ್ಟುಕೊಂಡು ಯೋಜನೆಯನ್ನೇ ಬದಲಿಸಿ.

ಕಳಚಿದ ಮೇಲೆ ಹಳೆಯ ಅಂಟನ್ನು ಬರಿಮರ ಕಾಣುವವರೆಗೆ ಹೆರೆಯಬೇಕು. ಒಣಗಿದ ಅಂಟಿನ ಮೇಲೆ ಹೊಸ ಅಂಟು ಹಿಡಿಯುವುದಿಲ್ಲ, ಮರದ ಎಳೆಗಳೊಳಗೆ ಇಳಿದರೆ ಮಾತ್ರ ಅದಕ್ಕೆ ಬಲ. ಇದೇ ಕಾರಣಕ್ಕೆ ನಾಲಿಗೆಗಳಿಗೂ ಸೀಳುಗಳಿಗೂ ಬಣ್ಣ ತಾಗಕೂಡದು. ಹಿಂದಿನವರು ಬಳಿದಿದ್ದರೆ ಅಷ್ಟನ್ನು ಉಜ್ಜಿ ತೆಗೆಯಿರಿ.

ಸೊಟ್ಟಗಾದ ಹಲಗೆಗೆ ಮದ್ದು ಸುಲಭ. ಮರ ನೀರು ಕುಡಿದ ಬದಿಗೆ ಹಿಗ್ಗುತ್ತದೆ. ಹಾಗಾಗಿ ತಗ್ಗಾದ ಬದಿಯನ್ನು, ನೀರು ನಿಂತರೆ ನಿಲ್ಲುವಂಥ ಬದಿಯನ್ನು, ಸ್ಪಂಜಿನಿಂದ ಒದ್ದೆ ಮಾಡಿ. ಚಪ್ಪಟೆ ಮೇಜಿನ ಮೇಲೆ ಬೇಕಿಂಗ್ ಪೇಪರ್ ಹಾಸಿ, ಹಲಗೆ ಇಟ್ಟು, ಮೇಲೆ ಇನ್ನೊಂದು ಹಲಗೆ, ಅದರ ಮೇಲೆ ಹತ್ತು ಕಿಲೋ ಅಕ್ಕಿ ಚೀಲ. ಎರಡು ದಿನ ಬಿಡಿ. ತೆಗೆದ ಕೂಡಲೇ ಎರಡೂ ಬದಿಗೆ ಪ್ರೈಮರ್ ಹಚ್ಚಿ. ಒಂದೇ ಬದಿಗೆ ಹಚ್ಚಿದರೆ ಇನ್ನೊಂದು ಬದಿ ಹವೆಯ ತೇವ ಹೀರಿ ಮತ್ತೆ ಬಾಗುತ್ತದೆ. ಹೊರಗೋಡೆಗೆ ಬಣ್ಣ ಬಳಿದು ಒಳಗೋಡೆಯನ್ನು ಹಾಗೇ ಬಿಟ್ಟ ಮನೆಗಳೆಲ್ಲ ಹೀಗೇ ಸೊಟ್ಟಗಾಗಿರುತ್ತವೆ.

ಹಾಳೆಯಲ್ಲೇ ಉಳಿದ ತುಂಡುಗಳು

ಬೆರಳಿನಿಂದ ಒತ್ತಿ ಉದುರಿಸಬೇಡಿ. ಅಚ್ಚು ಮೊಂಡಾಗಿದ್ದ ಕಡೆ ಹಿಂಬದಿಯ ಪದರ ಕತ್ತರಿಸಿರುವುದಿಲ್ಲ. ಒತ್ತಿದರೆ ಸಿಬಿರೆದ್ದು ಹರಿಯುತ್ತದೆ. ತುಂಡು ಹಾಳೆಯಲ್ಲಿದ್ದಾಗಲೇ ಎರಡೂ ಬದಿಯನ್ನು 120ರ, ನಂತರ 180ರ ಸ್ಯಾಂಡ್ ಪೇಪರ್‌ನಿಂದ ಉಜ್ಜಿ. ಸುತ್ತಲಿನ ಚೌಕಟ್ಟು ಅಂಚನ್ನು ಹಿಡಿದಿರುವುದರಿಂದ ಮೂಲೆಗಳು ದುಂಡಗಾಗುವುದಿಲ್ಲ. ಆಮೇಲೆ ಹಿಂಬದಿಯಿಂದ ಕಟ್ಟರ್‌ನಲ್ಲಿ ಗೆರೆ ಪೂರ್ತಿ ಮಾಡಿ ಬಿಡಿಸಿಕೊಳ್ಳಿ. ಪ್ರತಿ ತುಂಡನ್ನೂ ಮೊದಲು ಅಂಟಿಲ್ಲದೆ ಕೂಡಿಸಿ ನೋಡಿ. ನಾಲಿಗೆ ಬಿಗಿಯಾದರೆ ಅದನ್ನು ಉಜ್ಜಿ ತೆಳುಮಾಡಬೇಕು, ಸುತ್ತಿಗೆಯಿಂದ ಬಡಿಯಬಾರದು. ಖಾಲಿಯಾದ ಹಾಳೆಯ ಚೌಕಟ್ಟನ್ನು ಎಸೆಯಬೇಡಿ. ಅದೇ ಮರ, ಅದೇ ದಪ್ಪ, ತೇಪೆಗೆ ಅದಕ್ಕಿಂತ ಒಳ್ಳೆಯದು ಸಿಗದು.

ಮರುಜೋಡಣೆಗೆ ಹಳದಿ ಮರಗೆಲಸದ ಅಂಟು, ಭಾರತದಲ್ಲಾದರೆ ಫೆವಿಕಾಲ್ ಮರೀನ್. ತೆಳುವಾಗಿ ಸವರಿ, ಮಾಸ್ಕಿಂಗ್ ಟೇಪನ್ನು ಬಿಗಿಯಾಗಿ ಎಳೆದು ಕಟ್ಟಿ. ಹಿಸುಕಿಬಂದ ಅಂಟನ್ನು ಒದ್ದೆ ಬಟ್ಟೆಯಲ್ಲಿ ಆಗಲೇ ಒರೆಸಿ, ಕರ್ಣಗಳನ್ನು ಮತ್ತೆ ಅಳೆದು, ಅಂಟು ಹಿಡಿಯುವ ಮೊದಲು ಐದು–ಹತ್ತು ನಿಮಿಷದೊಳಗೇ ತಿದ್ದಿಬಿಡಿ. ಪೂರ್ತಿ ಬಲ ಬರಲು 24 ಗಂಟೆ. ಮಳೆಗಾಲದಲ್ಲಿ ಮಂಗಳೂರು ಕಡೆ ಕೆಲಸ ಮಾಡುವವರು ಇದನ್ನು ಎರಡು ದಿನವೆಂದು ತಿಳಿಯಲಿ.

ಮುಚ್ಚುವ ಮೊದಲು

ಇಲ್ಲೊಂದು ನಿರ್ಧಾರ ಮಾಡಬೇಕು. ಸೂಚನಾ ಪುಸ್ತಕಗಳು ಸಾಮಾನ್ಯವಾಗಿ ಇಡೀ ಮನೆ ಕಟ್ಟಿ ಆಮೇಲೆ ಅಲಂಕರಿಸಿ ಎನ್ನುತ್ತವೆ. ಇಳಿಜಾರಿನ ಛಾವಣಿಯ ಕೆಳಗಿನ ಕೋಣೆ, ಗೋಪುರದ ಒಳಗು, ಮೆಟ್ಟಿಲ ಹಿಂಬದಿ ಇವು ಆಮೇಲೆ ಕೈಗೆ ಸಿಗುವುದಿಲ್ಲ. ನಿಮ್ಮ ಕೈಯನ್ನೇ ಅಳತೆಗೋಲು ಮಾಡಿಕೊಳ್ಳಿ: ಬ್ರಶ್ ಹಿಡಿದ ಕೈ ಆ ಮೂಲೆಗೆ ಹೋಗದಿದ್ದರೆ, ಆ ಕೋಣೆಯ ಬಣ್ಣ, ಗೋಡೆ ಕಾಗದ, ದೀಪ ಮುಗಿಯುವವರೆಗೆ ಮೇಲಿನ ಹಲಗೆ ಕೂರಿಸಬೇಡಿ. ಮೆಟ್ಟಿಲನ್ನು ಹೊರಗೇ ಪೂರ್ತಿ ಜೋಡಿಸಿ, ಬಣ್ಣ ಹಚ್ಚಿ, ಕಟಾಂಜನ ಕೂರಿಸಿ, ಒಳಗೆ ಹೋಗುತ್ತದೆಯೇ ಎಂದು ನೋಡಿ ತೆಗೆದಿಡಿ. ಅಂಟಿಸುವುದು ಗೋಡೆಗೆ ಕಾಗದ ಬಿದ್ದ ಮೇಲೆ.

ದೀಪ

ಹಿಂದಿನವರು ವಿದ್ಯುತ್ ಹರಿಸಲು ತಂತಿಯ ಬದಲು ಗೋಡೆಯ ಮೇಲೆ ತಾಮ್ರದ ಪಟ್ಟಿ ಅಂಟಿಸಿದ್ದರೆ ಮಲ್ಟಿಮೀಟರ್‌ನಿಂದ ಪರೀಕ್ಷಿಸಿ. ಒಂದು ತುದಿಯಿಂದ ಇನ್ನೊಂದಕ್ಕೆ 1–2 ಓಮ್ ಮೀರಿದರೆ ಯಾವುದೋ ತಿರುವಿನಲ್ಲಿ ಸಂಪರ್ಕ ಕೆಟ್ಟಿದೆ. ಪಟ್ಟಿಯ ಮೇಲೆ ಪಟ್ಟಿ ಅಂಟಿಸಿ ಮೂಲೆ ತಿರುಗಿಸಿದ್ದರೆ ತಪ್ಪು ಅಲ್ಲೇ; ಅಡಿಯ ಅಂಟು ವಿದ್ಯುತ್ತನ್ನು ಸರಿಯಾಗಿ ಹರಿಯಬಿಡುವುದಿಲ್ಲ. ಅಂಥ ಕಡೆ ಬೆಸುಗೆ ಹಾಕಬೇಕು, ಇಲ್ಲವೇ ಎರಡೂ ಪಟ್ಟಿಗೆ ಸಣ್ಣ ಹಿತ್ತಾಳೆ ಮೊಳೆ ಹೊಡೆದು ಜೋಡಿಸಬೇಕು.

ಹೊಸದಾಗಿ ಮಾಡುವುದಾದರೆ ತೆಳು ತಂತಿ ಮತ್ತು ಎಲ್‌ಇಡಿ. ಹಳೆಯ ಗೋಧಿಕಾಳಿನಂಥ 12 ವೋಲ್ಟ್ ಬಲ್ಬು ಸುಮಾರು 50 ಮಿಲಿಆಂಪ್ ಎಳೆಯುತ್ತದೆ. 10 ವಾಟ್ ಟ್ರಾನ್ಸ್‌ಫಾರ್ಮರ್‌ಗೆ ಹದಿನಾರು ಬಲ್ಬು ಅಂದರೆ ಮಿತಿ ಮುಟ್ಟಿತು. ಬಲ್ಬು ಸುಟ್ಟರೆ ಬದಲಿಸಲು ಕೈ ಹೋಗದ ಜಾಗವೇ ಹೆಚ್ಚು. 3 ವೋಲ್ಟಿನ ಬೆಚ್ಚನೆ ಬಿಳುಪಿನ ಎಲ್‌ಇಡಿಗೆ 12 ವೋಲ್ಟಿನ ಸಾಲಿನಲ್ಲಿ 680 ಓಮ್, ಕಾಲು ವಾಟ್ ರೆಸಿಸ್ಟರ್ ಹಾಕಿದರೆ 13 ಮಿಲಿಆಂಪ್ ಮಾತ್ರ ಹರಿಯುತ್ತದೆ. ಪ್ರತಿ ಎಲ್‌ಇಡಿಗೂ ಬೇರೆ ರೆಸಿಸ್ಟರ್. ಒಂದನ್ನೇ ಹಂಚಿಕೊಂಡರೆ ಒಂದು ಝಗಮಗ, ಇನ್ನೊಂದು ಮಂಕು. ಹತ್ತು ದೀಪಕ್ಕೆ 130 ಮಿಲಿಆಂಪ್. 12 ವೋಲ್ಟ್, 1 ಆಂಪ್ ಅಡಾಪ್ಟರ್ ಧಾರಾಳ. ಬಣ್ಣ 2700–3000 ಕೆಲ್ವಿನ್ ಇರಲಿ. 6500ರದು ಹಾಕಿದರೆ ಗೊಂಬೆಮನೆ ಔಷಧದಂಗಡಿಯಂತೆ ಕಾಣುತ್ತದೆ.

ಅಮೆರಿಕದಲ್ಲಿ ಕೊಂಡ ಮನೆಯನ್ನು ಭಾರತಕ್ಕೆ ತಂದವರು ಅದರ ಜೊತೆ ಬಂದ ಹಳೆಯ ಟ್ರಾನ್ಸ್‌ಫಾರ್ಮರನ್ನು ಗೋಡೆಗೆ ಚುಚ್ಚಬಾರದು. ಅದು 120 ವೋಲ್ಟಿನದು, ನಮ್ಮಲ್ಲಿ 230. ಸುಟ್ಟುಹೋಗುವುದಷ್ಟೇ ಅಲ್ಲ, ಹೊತ್ತಿಕೊಳ್ಳಲೂಬಹುದು. ಎಲ್‌ಇಡಿ ಪಟ್ಟಿಗಳಿಗೆ, ಸಿಸಿಟಿವಿ ಕ್ಯಾಮೆರಾಗಳಿಗೆ ಮಾರುವ 12 ವೋಲ್ಟ್ ಅಡಾಪ್ಟರ್ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಬೇಕಾದಷ್ಟು ಸಿಗುತ್ತದೆ, ಅದನ್ನೇ ಬಳಸಿ.

ತಂತಿಯ ದಾರಿ ಹೀಗೆ. ಕೋಣೆಯ ಸೀಲಿಂಗಿನ ನಡುವೆ 2 ಮಿ.ಮೀ. ರಂಧ್ರ ಕೊರೆದು ತಂತಿಯನ್ನು ಮೇಲಿನ ಕೋಣೆಯ ನೆಲಕ್ಕೆ ತೆಗೆಯಿರಿ. ಆ ನೆಲಕ್ಕೆ 2 ಮಿ.ಮೀ. ರಟ್ಟನ್ನು ಎರಡು ತುಂಡಾಗಿ, ನಡುವೆ 4 ಮಿ.ಮೀ. ಕಾಲುವೆ ಬಿಟ್ಟು ಅಂಟಿಸಿ. ತಂತಿ ಆ ಕಾಲುವೆಯಲ್ಲಿ ಹಿಂಗೋಡೆಗೆ ಹೋಗಲಿ. ಅದರ ಮೇಲೆ ಮರದ ನೆಲಹಾಸು ಬಂದರೆ ಏನೂ ಕಾಣದು. 3 ಮಿ.ಮೀ. ಪ್ಲೈವುಡ್ ಅನ್ನೇ ಕೊರೆದು ತೋಡು ಮಾಡುವ ಸಾಹಸ ಬೇಡ, ಹಲಗೆ ಅಲ್ಲೇ ಮುರಿಯುತ್ತದೆ. ಎಲ್ಲ ತಂತಿಗಳೂ ಟೊಳ್ಳು ಚಿಮಣಿಯೊಳಗಿಂದ ಇಳಿದು ತಳದ ಕೆಳಗಿನ ಒಂದು ಕನೆಕ್ಟರ್‌ಗೆ ಸೇರಲಿ; ಅಲ್ಲೊಂದು ಫ್ಯೂಸ್ ಇರಲಿ. ಪ್ರತಿ ದೀಪಕ್ಕೂ ಕೋಣೆಯ ಹೆಸರು ಬರೆದ ಚೀಟಿ ಅಂಟಿಸಿ. ಮುಚ್ಚುವ ಮೊದಲು ಎಲ್ಲವನ್ನೂ ಒಂದು ಗಂಟೆ ಉರಿಸಿ ನೋಡಿ.

ಪ್ರೈಮರ್, ಕಾಗದ, ನೆಲ

ಸಿಗರೇಟಿನ ವಾಸನೆ, ಹೊಗೆಯ ಹಳದಿ, ನೀರಿನ ಕಲೆ ಇರುವ ಮನೆಗೆ ಅರಗಿನ ಪ್ರೈಮರ್ ಬಳಸಿ. ನೀರಿನ ಪ್ರೈಮರ್ ಮೇಲೆ ಕಲೆ ಮತ್ತೆ ಕಾಣಿಸಿಕೊಳ್ಳುತ್ತದೆ. ಉಳಿದಂತೆ ನೀರಿನದೇ ಸಾಕು, ಆದರೆ ಅದು ಮರದ ಎಳೆಯನ್ನು ಎಬ್ಬಿಸುತ್ತದೆ. ಮೊದಲ ಪದರ ಒಣಗಿದ ಮೇಲೆ 220ರಿಂದ ಹಗುರವಾಗಿ ಉಜ್ಜಿ, ಎರಡನೆಯದು ಹಚ್ಚಿ. ಅಂಚುಗಳು ಬಣ್ಣವನ್ನು ನುಂಗುತ್ತಲೇ ಇರುತ್ತವೆ. ಅಲ್ಲಿ ಮೊದಲೇ ತೆಳುವಾಗಿ ವುಡ್ ಫಿಲ್ಲರ್ ಸವರಿದರೆ ಪದರ ಉಳಿಯುತ್ತದೆ.

ಕೋಣೆಯೊಳಗಿನ ಕ್ರಮ: ಸೀಲಿಂಗ್, ಗೋಡೆ, ನೆಲ, ಕೊನೆಗೆ ಅಂಚಿನ ಮರದ ಪಟ್ಟಿಗಳು. ಪಟ್ಟಿಗಳು ಎಲ್ಲ ತಪ್ಪನ್ನೂ ಮುಚ್ಚುತ್ತವೆ, ಅದಕ್ಕೇ ಅವು ಕೊನೆಗೆ. ಗೋಡೆ ಕಾಗದವನ್ನು ನೇರವಾಗಿ ಅಂಟಿಸುವುದಕ್ಕಿಂತ ತೆಳು ಡ್ರಾಯಿಂಗ್ ಶೀಟಿನಲ್ಲಿ ಕೋಣೆಯ ಅಚ್ಚು ತೆಗೆದು, ಕಿಟಕಿ ಬಾಗಿಲು ಕತ್ತರಿಸಿ, ಕಾಗದವನ್ನು ಅದರ ಮೇಲೆ ಹೊರಗೇ ಅಂಟಿಸಿ, ಆಮೇಲೆ ಒಳಗೆ ಸರಿಸುವುದು ಒಳ್ಳೆಯದು. ಮೂಲೆ ಕೂಡದ ಹಳೆಯ ಮನೆಗಳಿಗೆ ಇದೊಂದೇ ದಾರಿ. ನೀರಾದ ಬಿಳಿ ಅಂಟು ಕಾಗದವನ್ನು ಹಿಗ್ಗಿಸಿ ಗುಳ್ಳೆ ಎಬ್ಬಿಸುತ್ತದೆ. ಗೋಡೆ ಕಾಗದಕ್ಕೆಂದೇ ಬರುವ ಪೇಸ್ಟ್ ಬಳಸಿ. ಮನೆಯ ಇಂಕ್‌ಜೆಟ್‌ನಲ್ಲಿ ಮುದ್ರಿಸಿದ್ದರೆ ಪೇಸ್ಟ್ ತಾಗಿದ ಕೂಡಲೇ ಬಣ್ಣ ಹರಡುತ್ತದೆ, ಮೊದಲು ಮ್ಯಾಟ್ ವಾರ್ನಿಶ್ ಸ್ಪ್ರೇ ಹೊಡೆಯಿರಿ. ಚಿತ್ತಾರದ ಗಾತ್ರವನ್ನೂ ಲೆಕ್ಕ ಹಾಕಿ: ನಿಜಗೋಡೆಯ 6 ಸೆಂ.ಮೀ. ಹೂವು ಇಲ್ಲಿ 5 ಮಿ.ಮೀ. ಉಡುಗೊರೆ ಸುತ್ತುವ ಕಾಗದದ ಹೂವು ಇಲ್ಲಿ ಕುಂಬಳಕಾಯಿಯಾಗುತ್ತದೆ.

ನೆಲಕ್ಕೆ ಐಸ್‌ಕ್ರೀಂ ಕಡ್ಡಿಗಿಂತ ಅಗ್ಗದ್ದು ಇಲ್ಲ. ಸುಮಾರು 1 ಸೆಂ.ಮೀ. ಅಗಲದ ಕಡ್ಡಿ 1:12ರಲ್ಲಿ 12 ಸೆಂ.ಮೀ. ಹಲಗೆಯಾಗುತ್ತದೆ, ಅಳತೆ ಸರಿಯಾಗಿಯೇ ಇದೆ. ದುಂಡು ತುದಿ ಕತ್ತರಿಸಿದರೆ ಒಂದರಿಂದ 9.5 ಚದರ ಸೆಂ.ಮೀ. ಸಿಗುತ್ತದೆ. 30×25 ಸೆಂ.ಮೀ. ಕೋಣೆಗೆ 79, ಡೊಂಕು, ಗಂಟು, ಕತ್ತರಿಸಿ ಕೆಡುವುದು ಸೇರಿ 90 ಇಟ್ಟುಕೊಳ್ಳಿ. ಬಣ್ಣದ ಸ್ಟೇನ್ ಅನ್ನು ಅಂಟಿಸುವ ಮೊದಲೇ ಹಚ್ಚಬೇಕು, ಏಕೆಂದರೆ ಅಂಟು ತಾಗಿದ ಜಾಗ ಸ್ಟೇನ್ ಹೀರುವುದಿಲ್ಲ, ಬಿಳಿ ಮಚ್ಚೆ ಉಳಿಯುತ್ತದೆ. ಕಡ್ಡಿಗಳನ್ನು ಸಾಲುಸಾಲಿಗೆ ಸಂದು ತಪ್ಪಿಸಿ ರಟ್ಟಿನ ಮೇಲೆ ಅಂಟಿಸಿ, ಭಾರ ಹೇರಿ ಒಣಗಿಸಿ, ಇಡೀ ನೆಲವನ್ನು ಒಂದೇ ಸಲ ಕೋಣೆಗೆ ಇಳಿಸಿ. ಅದನ್ನು ಒಂದೆರಡು ಹನಿ ಅಂಟಿನಿಂದ ಮಾತ್ರ ಹಿಡಿಸಿ. ನಾಳೆ ದೀಪ ಕೆಟ್ಟರೆ ಎತ್ತಬೇಕಲ್ಲ.

ಕಿಟಕಿಯ ಗಾಜು ಅಂದರೆ ತೆಳು ಪಾರದರ್ಶಕ ಪ್ಲಾಸ್ಟಿಕ್. ಇದನ್ನು ಫೆವಿಕ್ವಿಕ್ ಜಾತಿಯ ಅಂಟಿನಿಂದ ಅಂಟಿಸಬೇಡಿ. ಅದರ ಆವಿ ಪ್ಲಾಸ್ಟಿಕ್ ಮೇಲೆ ಕೂತು ಹಿಮ ಬಿದ್ದಂತೆ ಬೆಳ್ಳಗಾಗುತ್ತದೆ, ಉಜ್ಜಿದರೂ ಹೋಗದು. ಒಣಗಿದ ಮೇಲೆ ಪಾರದರ್ಶಕವಾಗುವ ಬಿಳಿ ಅಂಟನ್ನು ಚೌಕಟ್ಟಿಗೆ ಸೂಜಿಯಿಂದ ಹಚ್ಚಿದರೆ ಸಾಕು. ಗಾಜು ಬರುವುದು ಬಣ್ಣವೆಲ್ಲ ಮುಗಿದ ಮೇಲೆ. ಬಾಗಿಲಿಗೆ ಮೂರು ಬದಿಯಲ್ಲೂ 1 ಮಿ.ಮೀ. ಸಂದು ಬಿಡಿ, ಬಣ್ಣದ ದಪ್ಪ ಅದರಲ್ಲಿ ಅರ್ಧ ತಿನ್ನುತ್ತದೆ, ಮಳೆಗಾಲದ ಹಿಗ್ಗು ಉಳಿದರ್ಧ.

ಹೊರಗೋಡೆ ಮತ್ತು ಛಾವಣಿ

ಹೊರಗೋಡೆಯ ಹಲಗೆಪಟ್ಟಿಗಳನ್ನು ಕೆಳಗಿನಿಂದ ಮೇಲಕ್ಕೆ ಹಾಕಬೇಕು. ಹಿಂದಿನವರು ಒಂದೆರಡು ಗೋಡೆಗೆ ಹಾಕಿ ನಿಲ್ಲಿಸಿದ್ದರೆ, ಅವರ ಸಾಲಿನ ಎತ್ತರವನ್ನು ಮನೆಯ ನಾಲ್ಕೂ ಮೂಲೆಗಳಿಗೆ ಪೆನ್ಸಿಲ್‌ನಿಂದ ಒಯ್ದು ಗೆರೆ ಹಾಕಿಕೊಳ್ಳಿ. ಇಲ್ಲವಾದರೆ ಎರಡು ಗೋಡೆಯ ಸಾಲುಗಳು ಮೂಲೆಯಲ್ಲಿ ಅರ್ಧ ಪಟ್ಟಿಯಷ್ಟು ತಪ್ಪುತ್ತವೆ. ದೂರದಿಂದ ಮೊದಲು ಕಾಣುವ ತಪ್ಪು ಇದು.

ಹಂಚಿನ ಲೆಕ್ಕ: 19 ಮಿ.ಮೀ. ಅಗಲದ ಮರದ ಹಂಚು, ಹೊರಗೆ ಕಾಣುವ ಉದ್ದ 25 ಮಿ.ಮೀ. ಅಂದರೆ ಒಂದು ಹಂಚು 4.75 ಚದರ ಸೆಂ.ಮೀ. ಮುಚ್ಚುತ್ತದೆ. 60×35 ಸೆಂ.ಮೀ. ಇಳಿಜಾರು ಎರಡಿದ್ದರೆ 4200 ಚದರ ಸೆಂ.ಮೀ., 885 ಹಂಚು. ಒಡೆಯುವುದು, ಸೂರಿನ ಜೋಡಿ ಸಾಲು ಸೇರಿ 1000 ಬೇಕು. ಪೆಟ್ಟಿಗೆಯಲ್ಲಿ ಉಳಿದದ್ದನ್ನು ಎಣಿಸಬೇಡಿ, ತೂಗಿ: ನೂರು ಹಂಚಿನ ತೂಕ ತೆಗೆದು ಭಾಗಿಸಿ. ಕಡಿಮೆ ಬಿದ್ದು ಹೊಸ ಕಟ್ಟು ತಂದರೆ ಮರದ ಬಣ್ಣ ಬೇರೆಯಾಗಿರುತ್ತದೆ. ಹಳೆಯದನ್ನೂ ಹೊಸದನ್ನೂ ಒಂದೇ ಡಬ್ಬದಲ್ಲಿ ಕಲಸಿ ಬಣ್ಣ ಹಾಕಿದರೆ ವ್ಯತ್ಯಾಸ ಹರಡಿಹೋಗಿ ಸಹಜವಾಗಿಯೇ ಕಾಣುತ್ತದೆ. ಬಣ್ಣವನ್ನು ಆಲ್ಕೊಹಾಲ್‌ನಲ್ಲಿ ಕದಡಿ; ನೀರಿನಲ್ಲಿ ಅದ್ದಿದರೆ ಹಂಚು ಸುರುಳುತ್ತದೆ. ಹಳೆಯ ಪತ್ರಿಕೆ ಮೇಲೆ ಒಂದು ದಿನ ಹರಡಿಡಿ.

ಛಾವಣಿಯ ಹಲಗೆಗೆ ಬಣ್ಣ ಬಳಿದು, ಪ್ರತಿ 25 ಮಿ.ಮೀ.ಗೆ ಗೆರೆ ಎಳೆಯಿರಿ. ಸೂರಿನ ಮೊದಲ ಸಾಲು ಜೋಡಿಯಾಗಿರಲಿ, ಅಂಚಿನಿಂದ 3 ಮಿ.ಮೀ. ಹೊರಕ್ಕೆ ಚಾಚಲಿ. ಎರಡನೇ ಸಾಲನ್ನು ಅರ್ಧ ಹಂಚಿನಿಂದ ಶುರು ಮಾಡಿದರೆ ಸಂದುಗಳು ತಾವಾಗಿಯೇ ತಪ್ಪುತ್ತವೆ. ಅಂಟು ನೀರಿನದಾಗಬಾರದು, ಅದು ಹಂಚನ್ನೂ ಛಾವಣಿಯನ್ನೂ ಬಾಗಿಸುತ್ತದೆ. ದ್ರಾವಕದ ಅಂಟು ಒಳ್ಳೆಯದು. ಗೋಡೆಯ ಕೀಲಿಗೆ ಬೈದ ಹಾಟ್ ಗ್ಲೂ ಇಲ್ಲಿ ತಕ್ಕಮಟ್ಟಿಗೆ ನಡೆಯುತ್ತದೆ, ಒಂದು ಹಂಚು ಉದುರಿದರೆ ಮನೆ ಬೀಳುವುದಿಲ್ಲವಲ್ಲ. ಎರಡು ಇಳಿಜಾರು ಸೇರುವ ತಗ್ಗಿನಲ್ಲಿ ಹಂಚನ್ನು ಅಂಟಿಸಿ ಕತ್ತರಿಸಬೇಡಿ. ಮೊದಲು ಕಾಗದದಲ್ಲಿ ಓರೆ ಅಚ್ಚು ತೆಗೆದು, ಆ ಓರೆಗೆ ಹತ್ತಾರನ್ನು ಒಟ್ಟಿಗೆ ಕತ್ತರಿಸಿಟ್ಟುಕೊಳ್ಳಿ. ನೆತ್ತಿಯಲ್ಲಿ ಕೊನೆಯ ಸಾಲು ಅರ್ಧವೇ ಉಳಿದರೆ ಅದನ್ನು ಮುಚ್ಚಲು ಬಾಸ್‌ವುಡ್ ಎಂಬ ಮೆದು ಮರದ ಎರಡು ಪಟ್ಟಿ ಸಾಕು.

ಮನೆಯ ಕೆಳಗೆ ಇಡಲು 12 ಮಿ.ಮೀ. ಪ್ಲೈವುಡ್ ಹಲಗೆ, ಮನೆಗಿಂತ ನಾಲ್ಕೂ ಬದಿಗೆ 5 ಸೆಂ.ಮೀ. ದೊಡ್ಡದು. ಎತ್ತುವಾಗ ಕೈ ಹಲಗೆಗೆ ಹೋಗಬೇಕು, ಜಗಲಿಗಲ್ಲ. ಅರ್ಧ ಮನೆಗಳ ಜಗಲಿ ಕಂಬಗಳು ಮುರಿದಿರುವುದಕ್ಕೆ ಕಾರಣ ಇಷ್ಟೇ, ಯಾರೋ ಅಲ್ಲಿ ಹಿಡಿದು ಎತ್ತಿರುತ್ತಾರೆ. ದಸರಾ ಗೊಂಬೆಗಳ ಜೊತೆ ಇಡುವ ಯೋಚನೆಯಿದ್ದರೆ ಮೆಟ್ಟಿಲ ಮೇಲೆ ಇದು ಕೂರುವುದು ಕಷ್ಟ, ಪಕ್ಕದಲ್ಲಿ ನೆಲದ ಮೇಲೆ ಜಾಗ ಮಾಡಿ. ಉಳಿದ ದಿನಗಳಲ್ಲಿ ನೇರ ಬಿಸಿಲು ಬೀಳದ ಕಡೆ ಇಡಿ, ಗೋಡೆ ಕಾಗದ ಮಸುಕಾಗುತ್ತದೆ. ಬೆಳ್ಳಿಮೀನು (ಸಿಲ್ವರ್‌ಫಿಶ್) ಎಂಬ ಹುಳು ಪೇಸ್ಟ್ ತಿನ್ನಲು ಬರುತ್ತದೆ. ತಿಂಗಳಿಗೊಮ್ಮೆ ಒಣ ಬ್ರಶ್‌ನಿಂದ ಮೂಲೆಗಳ ಧೂಳು ತೆಗೆಯುವಾಗ ಕಾಗದದ ಅಂಚುಗಳನ್ನೂ ನೋಡಿ.